ಪೆಟ್ಷೆಕ್ ಸಿದ್ಧಾಂತ: ಒಂದು ವಿಮರ್ಶೆ

ವಿರುದ್ಧ ದಿಕ್ಕಿನ ಕಾಂತಕ್ಷೇತ್ರಗಳು ಪ್ಲಾಸ್ಮಾದಲ್ಲಿ ಒಂದನ್ನೊಂದು ಒತ್ತಿದಾಗ ಬಲರೇಖೆಗಳು ಕಡಿದು ಬೇರೊಂದು ಕ್ರಮದಲ್ಲಿ ಕೂಡಿಕೊಳ್ಳುತ್ತವೆ. ಕಾಂತಶಕ್ತಿಯು ಉಷ್ಣವಾಗಿಯೂ ಚಲನಶಕ್ತಿಯಾಗಿಯೂ ಮಾರ್ಪಡುತ್ತದೆ. ಸೌರಜ್ವಾಲೆಗೆ ಈ ಕಾಂತೀಯ ಪುನಸ್ಸಂಯೋಜನೆಯೇ ಮೂಲವೆಂಬುದು ಇಂದು ಬಹುಮಟ್ಟಿಗೆ ಸರ್ವಸಮ್ಮತ. ವಿವಾದವಿರುವುದು ಅದರ ವೇಗದ ವಿಷಯದಲ್ಲಿ.

ಸ್ವೀಟ್ ಮತ್ತು ಪಾರ್ಕರ್ ಅವರು 1950ರ ದಶಕದ ಉತ್ತರಾರ್ಧದಲ್ಲಿ ರೂಪಿಸಿದ ಸಿದ್ಧಾಂತದಂತೆ ಪ್ಲಾಸ್ಮಾವೆಲ್ಲವೂ ಉದ್ದವಾದ, ಅತಿ ತೆಳುವಾದ ವಿದ್ಯುತ್ಪ್ರವಾಹದ ಹಾಳೆಯ ಮೂಲಕವೇ ಹೊರಬೀಳಬೇಕು. ಈ ಇಕ್ಕಟ್ಟಿನಿಂದಾಗಿ, ನಿಮಿಷಗಳಲ್ಲಿ ಶಕ್ತಿಯನ್ನು ಹೊರಚೆಲ್ಲುವ ಜ್ವಾಲೆಗೆ ವಾರಗಳೋ ತಿಂಗಳುಗಳೋ ಬೇಕೆಂದು ಲೆಕ್ಕ ಬರುತ್ತದೆ. 1964ರಲ್ಲಿ ಪೆಟ್ಷೆಕ್ ಅವರು ಹಾಳೆಯನ್ನು ಮೊಟಕುಗೊಳಿಸಿ, ಶಕ್ತಿಪರಿವರ್ತನೆಯ ಬಹುಭಾಗವನ್ನು ಆಘಾತತರಂಗಗಳಿಗೆ ವಹಿಸಿದರು. ಲೆಕ್ಕವು ವೀಕ್ಷಣೆಗೆ ಹೊಂದಿತು. ಹೊರಹರಿವಿನ ದಾರಿಯ ಆಕಾರವೇ ವೇಗವನ್ನು ನಿಯಂತ್ರಿಸಬಲ್ಲುದೆಂದು ತೋರಿಸಿದುದು ಅವರ ಹಿರಿಮೆ.

ಆದರೆ ಹಾಳೆ ಮೊಟಕಾಗುವುದೇಕೆ? ವಿದ್ಯುದ್ರೋಧವು ಎಲ್ಲೆಡೆಯೂ ಏಕರೂಪವಾಗಿದ್ದರೆ ಹಾಳೆ ಮೊಟಕಾಗದೆ ಉದ್ದವಾಗಿಯೇ ಬೆಳೆಯುವುದೆಂದು ಬಿಸ್ಕಾಂಪ್ ಅವರ 1986ರ ಗಣಕ ಪ್ರಯೋಗಗಳು ತೋರಿಸಿದವು. ಪೆಟ್ಷೆಕ್ ಅವರು ಸಾಧಿಸಬೇಕಾಗಿದ್ದುದನ್ನೇ ಊಹಿಸಿಕೊಂಡಿದ್ದರೆನ್ನದೆ ವಿಧಿಯಿಲ್ಲ.

ಮುಂದಿನ ಸಂಶೋಧನೆ ಬೇರೆ ದಾರಿಗಳನ್ನು ತೆರೆದಿದೆ. ತೀರ ಉದ್ದವಾದ ಹಾಳೆ ಅಸ್ಥಿರವಾಗಿ ಕಾಂತದ್ವೀಪಗಳಾಗಿ ಒಡೆಯುತ್ತದೆ. ಕಣಗಳ ಸಂಘಟ್ಟನೆಯೇ ವಿರಳವಾದೆಡೆ ಅಯಾನುಗಳ ಮತ್ತು ಎಲೆಕ್ಟ್ರಾನುಗಳ ಚಲನೆಗಳು ಬೇರ್ಪಟ್ಟು ವೇಗವನ್ನು ನಿರ್ಧರಿಸುತ್ತವೆ. ನಾಸಾದ ಎಂ.ಎಂ.ಎಸ್. ಉಪಗ್ರಹ ಚತುಷ್ಟಯವು 2015ರ ಅಕ್ಟೋಬರ್ 16ರಂದು ಭೂಕಾಂತಮಂಡಲದ ಅಂಚಿನಲ್ಲಿ ಅಂತಹ ಎಲೆಕ್ಟ್ರಾನ್ ಪ್ರದೇಶವನ್ನು ಹಾದು, ಅಲ್ಲಿನ ಸ್ಥಿತಿಯನ್ನು ನೇರವಾಗಿ ಅಳೆಯಿತು.

ಆದುದರಿಂದ ಪೆಟ್ಷೆಕ್ ಸಿದ್ಧಾಂತವನ್ನು ಸಮಸ್ಯೆಯ ಪರಿಹಾರವೆಂದು ಬೋಧಿಸುವುದು ಸಲ್ಲದು. ಉತ್ತರ ಸರಿಬಂದ ಮಾತ್ರಕ್ಕೆ ಲೆಕ್ಕ ಮಾಡಿದ ದಾರಿ ಸರಿಯಾಗುವುದಿಲ್ಲವೆಂಬುದನ್ನು ವಿದ್ಯಾರ್ಥಿಗಳು ಮೊದಲು ಇಲ್ಲಿಯೇ ಕಲಿಯಬೇಕು.