ದನಿಯಿಂದ ಗುರುತು ಹಿಡಿದವರು

ಕೋವಿಡ್ ಹರಡುತ್ತಿರುವಾಗಲೇ 2020ರ ಜೂನ್ 25ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾದಾಗ ನನಗೆ ಸಿಟ್ಟು ಬಂದಿತ್ತು. ತಮಿಳುನಾಡು, ತೆಲಂಗಾಣ ಪರೀಕ್ಷೆ ಕೈಬಿಟ್ಟಿದ್ದವು. ನಮ್ಮ ರಾಜಾಜಿನಗರದ ಶಾಸಕರೂ ಆಗಿದ್ದ ಶಿಕ್ಷಣ ಸಚಿವ ಸುರೇಶ್ ಕುಮಾರ್ ಪಟ್ಟು ಸಡಿಲಿಸಿರಲಿಲ್ಲ. ಮಗಳನ್ನು ಬಿಡಲು ಬಸವೇಶ್ವರನಗರದ ಪರೀಕ್ಷಾ ಕೇಂದ್ರಕ್ಕೆ ಹೋದೆ. ನೆಲದ ಮೇಲೆ ಬರೆದ ವೃತ್ತಗಳಲ್ಲಿ ನಿಂತ ಮಕ್ಕಳು ಮಾಸ್ಕಿನ ಮೇಲಿನ ಕಣ್ಣುಗಳಲ್ಲೇ ಒಬ್ಬರನ್ನೊಬ್ಬರು ಗುರುತಿಸಿ ಕೈ ಬೀಸುತ್ತಿದ್ದರು. ಮೂರು ತಿಂಗಳ ಮೇಲೆ ಸಿಕ್ಕವರು. ಪರೀಕ್ಷೆ ಮುಗಿದರೂ ಯಾರಿಗೂ ಮನೆಗೆ ಹೋಗುವ ಮನಸ್ಸಿರಲಿಲ್ಲ. ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯಿತು.

ಆ ವರ್ಷದ ನಮ್ಮ ಶಿಕ್ಷಣ ವ್ಯವಸ್ಥೆಯ ದೊಡ್ಡ ಕೊರತೆ ಇದೇ: ಪಾಠ ಮುಟ್ಟಿತೇ ಎಂದು ಎಲ್ಲರೂ ಕೇಳಿದರು, ಗೆಳೆಯರು ಸಿಕ್ಕರೇ ಎಂದು ಯಾರೂ ಕೇಳಲಿಲ್ಲ. ಚಂದನ ವಾಹಿನಿಯ 'ಸಂವೇದ' ಪಾಠಗಳು ಅಚ್ಚುಕಟ್ಟಾಗಿದ್ದವು, ಫೋನಿಲ್ಲದ ಮನೆಗೂ ತಲುಪಿದವು. ಆದರೆ ಟಿವಿ ಮುಂದೆ ಕೂತ ಹುಡುಗ ಪಕ್ಕದವನನ್ನು ಮೊಣಕೈಯಿಂದ ತಿವಿಯುವುದು ಹೇಗೆ?

ಆನ್‌ಲೈನ್ ತರಗತಿ ಇನ್ನೂ ಕಠಿಣ. ಮಗಳು ಮೊದಲ ಪಿಯುಗೆ ಸೇರಿದ ಕಾಲೇಜಿನ ಒಬ್ಬರ ಮುಖವನ್ನೂ ಅವಳು ಕಂಡಿರಲಿಲ್ಲ. ಮೈಕ್ ಮ್ಯೂಟ್, ಕ್ಯಾಮೆರಾ ಆಫ್, ಚಾಟ್ ಬಂದ್. ಹಾಜರಿ ಕೂಗುವಾಗ ಮಾತ್ರ ದನಿಗೆ ಅವಕಾಶ. ಹದಿನಾರರ ಮಕ್ಕಳಿಗೆ ಇದನ್ನೇ ಶಿಸ್ತು ಎಂದು ಕೊಟ್ಟೆವಲ್ಲ! ತರಗತಿ ಮುಗಿದ ಮೇಲೆ ಅವರೇ ಇನ್ನೊಂದು ಲಿಂಕ್ ಮಾಡಿಕೊಂಡರು. ಮಾತಿಲ್ಲದೆ, ಅವರವರ ಪಾಡಿಗೆ ಬರೆಯುತ್ತಾ ಗಂಟೆಗಟ್ಟಲೆ ಜೊತೆಗಿರುತ್ತಿದ್ದರು. 'ಇದೆಂಥಾ ಕಾಲಹರಣ' ಎಂದು ಗದರಿದ್ದೇನೆ. ತಪ್ಪು ನನ್ನದೇ.

ನನ್ನ ಮೆಚ್ಚುಗೆಯೆಲ್ಲ 'ವಿದ್ಯಾಗಮ'ಕ್ಕೆ. 2020ರ ಆಗಸ್ಟ್‌ನಲ್ಲಿ ಶುರುವಾದ ಈ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಮಕ್ಕಳಿದ್ದಲ್ಲಿಗೆ ಹೋದರು. ಗುಡಿಯ ಜಗಲಿ, ಮರದ ನೆರಳು ಶಾಲೆಯಾದವು. ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರ ಮಗ, ಒಂಬತ್ತನೇ ತರಗತಿಯವನು, ಬೆಳಿಗ್ಗೆಯೇ ತಲೆ ಬಾಚಿ ಸಿದ್ಧನಾಗಿರುತ್ತಿದ್ದ. ಅಕ್ಟೋಬರ್‌ನಲ್ಲಿ ಸೋಂಕಿನ ಭಯಕ್ಕೆ ಅದನ್ನು ನಿಲ್ಲಿಸಿದರು. ಶಿಕ್ಷಕರ ಜೀವದ ಪ್ರಶ್ನೆ, ನಿಲ್ಲಿಸಿದ್ದು ಸರಿ. ಆದರೆ ಆ ಎರಡು ತಿಂಗಳ ಜಗಲಿಯ ಸುಖ ದುಬಾರಿ ಶುಲ್ಕ ಕಟ್ಟಿದ ನಮ್ಮ ಮಕ್ಕಳಿಗೆ ದಕ್ಕಲೇ ಇಲ್ಲ.

2021ರ ಫೆಬ್ರವರಿ 1ಕ್ಕೆ ಮೊದಲ ಪಿಯು ತರಗತಿಗಳು ತೆರೆದವು. ಮಗಳು ಸಂಜೆ ಬಂದವಳೇ ಬ್ಯಾಗ್ ಕೂಡ ಇಳಿಸದೆ ಹೇಳಿದಳು: "ಅಮ್ಮಾ, ಹಾಜರಿ ಕೂಗುವಾಗ ಹಿಂದಿನ ಬೆಂಚಲ್ಲಿ ಒಬ್ಬಳು 'ಪ್ರೆಸೆಂಟ್ ಮಿಸ್' ಅಂದ್ಲು. ದನಿ ಕೇಳಿದ ತಕ್ಷಣ ಯಾರೂಂತ ಗೊತ್ತಾಗೋಯ್ತು. ಓಡಿಹೋಗಿ ತಬ್ಕೊಂಡೆ."