‘ಫಾಸ್ಟ್’ ಪದದ ನಾನಾರ್ಥ ಮತ್ತು ದ್ವಿಭಾಷಾ ನಿಘಂಟಿನ ಹೊಣೆ: ರಾಮಮೂರ್ತಿ ನಗರದ ಫಲಕಗಳ ಹಿನ್ನೆಲೆಯಲ್ಲಿ ಒಂದು ವಿಮರ್ಶೆ

ಬೆಂಗಳೂರಿನ ರಾಮಮೂರ್ತಿ ನಗರ ಮುಖ್ಯರಸ್ತೆಯಲ್ಲಿ ‘ಫಾಸ್ಟ್’ ಎಂಬ ಅಕ್ಷರಗುಚ್ಛ ಮೂರು ಬಗೆಯ ಬರಹಗಳಲ್ಲಿ ಕಾಣಸಿಗುತ್ತದೆ: ತಿಂಡಿ ಗಾಡಿಗಳ ಮೇಲೆ ‘ಫಾಸ್ಟ್ ಫುಡ್’, ಹೋಟೆಲುಗಳ ಮುಂದೆ ‘ಬ್ರೇಕ್‌ಫಾಸ್ಟ್’, ರಕ್ತಪರೀಕ್ಷೆಯ ಕೇಂದ್ರಗಳಲ್ಲಿ ‘ಫಾಸ್ಟಿಂಗ್ ಶುಗರ್’. ನಾಮಫಲಕದ ಶೇ 60ರಷ್ಟು ಭಾಗ ಕನ್ನಡದಲ್ಲಿರಬೇಕೆಂಬ 2024ರ ಕಾನೂನು ತಿದ್ದುಪಡಿಯ ನಂತರ ಇಂಥ ಲಿಪ್ಯಂತರಗಳು ಇನ್ನಷ್ಟು ಎದ್ದು ಕಾಣುತ್ತಿವೆ. ಇವುಗಳಲ್ಲಿ ಮೊದಲನೆಯದರ ಅರ್ಥ ವೇಗ, ಉಳಿದೆರಡರದು ನಿರಾಹಾರ. ಕನ್ನಡದಲ್ಲಿ ನೆಲೆಯೂರಿರುವ ‘ಫಾಸ್ಟ್’ ವೇಗದ ಅರ್ಥವನ್ನಷ್ಟೇ ಎರವಲು ಪಡೆದಿದೆ. ‘ಗಡಿಯಾರ ಐದು ನಿಮಿಷ ಫಾಸ್ಟ್ ಇದೆ’ ಎಂಬ ಮಾತು ಕೂಡ ಅದರದೇ ವಿಸ್ತಾರ.

ಈ ಅರ್ಥಸಂಕೋಚಕ್ಕೆ ವ್ಯಾವಹಾರಿಕ ಬೆಲೆಯೂ ಇದೆ. ನಮ್ಮ ನೆರೆಯ ಹಿರಿಯರೊಬ್ಬರು ‘ನಾಳೆ ಫಾಸ್ಟಿಂಗ್‌ಗೆ ಬನ್ನಿ’ ಎಂಬ ಸೂಚನೆಯನ್ನು ‘ಬೇಗ ಬನ್ನಿ’ ಎಂದು ಗ್ರಹಿಸಿ, ಎರಡು ಇಡ್ಲಿ ತಿಂದು ಆರೂವರೆಗೇ ಹೋಗಿ ಕುಳಿತರು. ಪರೀಕ್ಷೆ ಮುಂದಕ್ಕೆ ಹೋಯಿತು. ಎರಡನೆಯ ಬಾರಿ ಮನೆಯವರು ‘ಉಪವಾಸ ಇರಬೇಕಂತೆ’ ಎಂದು ತಿಳಿಸಿದರು. ಅವರು ಏಕಾದಶಿಯ ವಾಡಿಕೆಯಂತೆ ಹಾಲು, ಬಾಳೆಹಣ್ಣು ಸೇವಿಸಿ ಹೋದರು. ಎರಡು ಸಲವೂ ಅವರ ಭಾಷಾಜ್ಞಾನದಲ್ಲಿ ದೋಷವಿರಲಿಲ್ಲ. ಮೊದಲ ಸಲ ಎರವಲು ಪದವೂ ಎರಡನೆಯ ಸಲ ನಿಘಂಟಿನ ಸಮಾನಪದವೂ ಅವರ ಕೈಬಿಟ್ಟವು.

ಇಂಗ್ಲಿಷ್ ಪದದ ನಾನಾರ್ಥವನ್ನು ವಿವರಿಸುವವರು ಸಾಮಾನ್ಯವಾಗಿ ಅದನ್ನೊಂದು ವಿಚಿತ್ರವೆಂಬಂತೆ ಮುಂದಿಡುತ್ತಾರೆ: ಒಂದೇ ಪದ ‘ಕದಲದೆ ನಿಂತ’ ಎಂದೂ ‘ವೇಗವಾಗಿ ಚಲಿಸುವ’ ಎಂದೂ ಅರ್ಥ ಕೊಡುತ್ತದೆ, ಆದ್ದರಿಂದ ಅದು ತನಗೆ ತಾನೇ ವಿರುದ್ಧಪದ ಎಂಬುದು ಅವರ ವಾದ. ಅರ್ಥಚರಿತ್ರೆ ಇದನ್ನು ಸಮರ್ಥಿಸುವುದಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಈ ವಿಶೇಷಣದ ಅರ್ಥ ‘ದೃಢ’. ಅದರ ಕ್ರಿಯಾವಿಶೇಷಣ ರೂಪ ‘ದೃಢವಾಗಿ’ ಎಂಬುದರಿಂದ ‘ಬಲವಾಗಿ, ಬಿಡದೆ’ ಎಂಬುದಕ್ಕೆ ಸರಿಯಿತು. ಬಲವಾಗಿ ಓಡುವುದು ವೇಗವಾಗಿ ಓಡುವುದಾಯಿತು. ವೇಗದ ಅರ್ಥ ಕ್ರಿಯಾವಿಶೇಷಣದಿಂದ ವಿಶೇಷಣಕ್ಕೆ ಬಂದದ್ದು ಆಮೇಲೆ. ನಿರಾಹಾರದ ಅರ್ಥವೂ ದೃಢತೆಯಿಂದಲೇ, ನಿಯಮವನ್ನು ಬಿಗಿಯಾಗಿ ಹಿಡಿಯುವುದರಿಂದ, ಹುಟ್ಟಿದ್ದು. ಜರ್ಮನ್ನಿನಲ್ಲಿ ಇದೇ ಮೂಲದ ‘ಫೆಸ್ಟ್’ ದೃಢವೆಂಬ ಅರ್ಥವನ್ನು ಉಳಿಸಿಕೊಂಡಿದ್ದರೆ, ‘ಫಾಸ್ಟ್’ ‘ಬಹುಮಟ್ಟಿಗೆ’ ಎಂಬ ಅರ್ಥಕ್ಕೆ ಬಂದು ನಿಂತಿದೆ.

ಈ ಎರಡೂ ದಾರಿಗಳು ನಮ್ಮ ಭಾಷೆಗಳಿಗೆ ಹೊಸವಲ್ಲ. ಪಾರಸಿಯಲ್ಲಿ ಬಲವೆಂದು ಅರ್ಥವಿದ್ದ ‘ಜೋರು’ ಕನ್ನಡದಲ್ಲಿ ಓಟಕ್ಕೂ ಮಳೆಗೂ ದನಿಗೂ ವ್ಯಾಪಾರಕ್ಕೂ ಸಲ್ಲುತ್ತದೆ. ‘ಬಿರುಸು’ ಇನ್ನೂ ಹತ್ತಿರದ ಸಾದೃಶ್ಯ: ಬಿರುಸಾದ ಕೂದಲಿನಲ್ಲಿ ಗಡಸುತನವಿದೆ, ಬಿರುಸಾಗಿ ನಡೆಯುವುದರಲ್ಲಿ ವೇಗವಿದೆ, ಬಿರುಸಿನ ಮತದಾನದಲ್ಲಿ ಎರಡಕ್ಕೂ ನಡುವಿನ ಚುರುಕಿದೆ. ಇನ್ನೊಂದು ದಾರಿಗೆ ‘ನೋಂಪಿ’ ಸಾಕ್ಷಿ. ವ್ರತವೆಂಬ ಅರ್ಥದ ಈ ಪದಕ್ಕೆ ತಮಿಳಿನ ‘ನೋನ್ಬು’ ಜ್ಞಾತಿಪದ. ಅಲ್ಲಿಯ ‘ನೋನ್’ ಧಾತುವಿಗೆ ತಾಳಿಕೊಳ್ಳುವುದು ಎಂಬ ಅರ್ಥವಿದೆ, ‘ನೋನ್ಮೈ’ ಎಂದರೆ ಸಹನೆ, ಬಲ. ‘ವ್ರತ ಹಿಡಿ’ ಎಂಬ ನಮ್ಮ ನುಡಿಗಟ್ಟಿನಲ್ಲಿಯೂ ಹಿಡಿತದ ಕಲ್ಪನೆಯೇ ಇದೆ. ಇಂಗ್ಲಿಷಿನಲ್ಲಿ ಒಂದೇ ಪದ ನಡೆದ ದಾರಿಗಳನ್ನು ಇಲ್ಲಿ ಬೇರೆ ಬೇರೆ ಪದಗಳು ನಡೆದಿವೆ.

ಇದಕ್ಕೆ ಒಂದು ಆಕ್ಷೇಪವನ್ನು ಊಹಿಸಬಹುದು. ‘ಗಟ್ಟಿ’ ಕೂಡ ದೃಢತೆಯನ್ನು ಸೂಚಿಸುವ ಪದ. ಅದು ದನಿಯ ಏರಿಕೆಗೆ ವಿಸ್ತರಿಸಿದೆ (‘ಗಟ್ಟಿಯಾಗಿ ಓದು’), ಆದರೆ ವೇಗಕ್ಕೆ ವಿಸ್ತರಿಸಿಲ್ಲ. ‘ಗಟ್ಟಿಯಾಗಿ ಓಡು’ ಎಂದು ಯಾರೂ ಹೇಳುವುದಿಲ್ಲ. ಆಕ್ಷೇಪ ಸರಿಯಾದದ್ದು. ದೃಢತೆಯಿಂದ ವೇಗಕ್ಕೆ ಹೋಗುವ ದಾರಿ ಅನಿವಾರ್ಯವಲ್ಲ, ಸಾಧ್ಯ ಮಾತ್ರ. ನಡುವೆ ಬಲಪ್ರಯೋಗದ ಅರ್ಥ ನೆಲೆಗೊಂಡಲ್ಲಿ ಅದು ತೆರೆದುಕೊಳ್ಳುತ್ತದೆ ಎಂಬುದು ನನ್ನ ಊಹೆ. ದ್ರಾವಿಡ ಭಾಷೆಗಳ ಸಾಮಗ್ರಿಯಿಂದ ಇದನ್ನು ಪರೀಕ್ಷಿಸುವ ಕೆಲಸ ಸಂಶೋಧನ ವಿದ್ಯಾರ್ಥಿಗಳಿಗೆ ಯೋಗ್ಯವಾದದ್ದು.

1946ರಲ್ಲಿ ಮೈಸೂರು ವಿಶ್ವವಿದ್ಯಾಲಯ ಇಂಗ್ಲಿಷ್–ಕನ್ನಡ ನಿಘಂಟನ್ನು ಪ್ರಕಟಿಸಿದ ಕಾಲಕ್ಕೆ ಇಂಗ್ಲಿಷ್ ಪುಸ್ತಕ ಓದುವ ಕನ್ನಡಿಗನಿಗೆ ನೆರವಾಗುವುದು ಇಂಥ ಕೋಶಗಳ ಮುಖ್ಯ ಕೆಲಸವಾಗಿತ್ತು. ಆ ಓದುಗನಿಗೆ ಸಂದರ್ಭ ಪುಟದಲ್ಲಿಯೇ ಸಿಗುತ್ತಿತ್ತು. ಅರ್ಥಗಳಿಗೆ ಕ್ರಮಸಂಖ್ಯೆ ಕೊಟ್ಟು ಸಮಾನಪದಗಳನ್ನು ಸಾಲಾಗಿ ಜೋಡಿಸಿದರೆ ಸಾಕಾಗುತ್ತಿತ್ತು. ಇಂದಿನ ಬಳಕೆದಾರ ಇಂಗ್ಲಿಷ್ ಪದವನ್ನು ಕನ್ನಡ ಲಿಪಿಯಲ್ಲಿ, ಸಂದರ್ಭವಿಲ್ಲದ ಫಲಕದಲ್ಲಿ ಎದುರಿಸುತ್ತಾನೆ. ಅವನಿಗೆ ‘ಉಪವಾಸ’ ಎಂಬ ಒಂಟಿ ಸಮಾನಪದ ಸಾಲದು. ಆಚರಣೆಯ ಉಪವಾಸದಲ್ಲಿ ಅನೇಕ ಮನೆಗಳಲ್ಲಿ ಅನ್ನಕ್ಕೆ ಮಾತ್ರ ನಿಷೇಧ, ಫಲಾಹಾರಕ್ಕಲ್ಲ. ವೈದ್ಯಕೀಯ ಉಪವಾಸವೆಂದರೆ ಕನಿಷ್ಠ 8 ಗಂಟೆಗಳ ಕಾಲ ನೀರಿನ ಹೊರತು ಏನನ್ನೂ ಸೇವಿಸದಿರುವುದು. ಈ ಎರಡನ್ನು ಒಂದೇ ಪದದಡಿ ತಂದರೆ ವ್ಯಾಪ್ತಿಯ ಅಂತರ ಮರೆಯಾಗುತ್ತದೆ.

ಆದ್ದರಿಂದ ನಿಘಂಟುಕಾರರು ಮಾಡಬೇಕಾದದ್ದು ಮೂರು: ಅರ್ಥಗಳ ನಡುವಿನ ದಾರಿಯನ್ನು ಒಂದು ವಾಕ್ಯದಲ್ಲಾದರೂ ತೋರಿಸುವುದು; ಬಳಕೆಯ ಕ್ಷೇತ್ರವನ್ನು ಹೆಸರಿಸುವುದು; ಕನ್ನಡದಲ್ಲಿ ಎರವಲಾಗಿ ನಿಂತ ಅರ್ಥವನ್ನೂ ಮೂಲದಲ್ಲಷ್ಟೇ ಉಳಿದ ಅರ್ಥಗಳನ್ನೂ ಬೇರ್ಪಡಿಸಿ ಗುರುತಿಸುವುದು. ವೈದ್ಯಕೀಯ ಸಂದರ್ಭಕ್ಕೆ ಪದವನ್ನು ಹೊಸದಾಗಿ ಟಂಕಿಸಬೇಕಾಗಿಲ್ಲ. ಮೂರನೆಯ ಸಲ ಆ ಹಿರಿಯರಿಗೆ ಸೊಸೆ ‘ಬರಿಹೊಟ್ಟೆಯಲ್ಲಿ ಹೋಗಿ, ಮಾವ’ ಎಂದರು, ಪರೀಕ್ಷೆ ಆಯಿತು.