ಪರಾಗದ ಸಾಕ್ಷ್ಯ ಮತ್ತು 'ಬೆಟ್ಟದ ಜೀವ'

ನಮ್ಮ ಹಳೆಯ ಕಾವ್ಯಗಳಲ್ಲಿ ಪರಾಗಕ್ಕೆ ಬಹಳ ಮರ್ಯಾದೆ. ಸರೋವರವೆಂದರೆ ತಾವರೆ, ತಾವರೆಯೆಂದರೆ ದುಂಬಿ, ದುಂಬಿಯೆಂದರೆ ಮೈಗೆ ಮೆತ್ತಿದ ಹೊಂಬಣ್ಣದ ಧೂಳಿ. ಅಷ್ಟಾದಶ ವರ್ಣನೆಗೆ ಕೈಹಾಕಿದ ಕವಿ ಇದನ್ನು ಬಿಟ್ಟದ್ದು ಅಪರೂಪ. ಹುಲ್ಲಿಗೂ ಪರಾಗವುಂಟೆಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ನೆಲದ ಚರಿತ್ರೆಯನ್ನು ಓದುವ ವಿಜ್ಞಾನಿಗಳಿಗೆ ಆ ಹುಲ್ಲಿನ ಪರಾಗವೇ ದೊಡ್ಡ ಸಾಕ್ಷಿಯೆಂದು ತಿಳಿದಾಗ, ಈ ವರ್ಣನೆಗಳನ್ನು ಪಾಠ ಹೇಳುವ ನನ್ನಂಥವನಿಗೆ ಸ್ವಲ್ಪ ಪೆಚ್ಚೆನಿಸಿತು.

ಕಾರಣ ಸರಳವಾದುದು. ದುಂಬಿಯನ್ನು ನಂಬಿದ ಹೂವಿನ ಅಂಟುಪರಾಗ ಬಹುಮಟ್ಟಿಗೆ ದುಂಬಿಯೊಡನೆಯೇ ಹೋಗುತ್ತದೆ. ಗಾಳಿಯನ್ನು ನಂಬಿದ ಹುಲ್ಲು, ಓಕ್, ಪೈನ್‌ಗಳು ಲೆಕ್ಕವಿಲ್ಲದಷ್ಟು ತೂರುತ್ತವೆ. ಅದರಲ್ಲೊಂದು ಪಾಲು ಕೆರೆ ಜೌಗುಗಳಲ್ಲಿ ಬೀಳುತ್ತದೆ. ಕಣದ ಹೊರಕವಚ ಬಲು ಗಟ್ಟಿ. ಗಾಳಿಯಾಡದ ಕೆಸರಿನಲ್ಲಿ ಸಾವಿರಾರು ವರ್ಷ ಕೊಳೆಯದೆ ಉಳಿಯುತ್ತದೆ. ಸ್ವೀಡನ್ನಿನ ಲೆನಾರ್ಟ್ ಫಾನ್ ಪೋಸ್ಟ್ 1916ರಲ್ಲಿ, ಈ ಕಣಗಳನ್ನು ಪದರ ಪದರವಾಗಿ ಎಣಿಸಿ, ಕಾಡುಗಳ ಏರಿಳಿತವನ್ನು ರೇಖೆಗಳಲ್ಲಿ ಬಿಡಿಸಿ ತೋರಿಸಿದರು.

1941ರಲ್ಲಿ ಡೆನ್ಮಾರ್ಕಿನ ಯೊಹಾನೆಸ್ ಈವರ್ಸೆನ್ ಅಂಥ ರೇಖೆಗಳಲ್ಲಿ ಮನುಷ್ಯನ ಕೈಯನ್ನು ಗುರುತಿಸಿದರು. ನವಶಿಲಾಯುಗದ ಪದರದಲ್ಲಿ ಹೆಮ್ಮರಗಳ ಪರಾಗ ತಟಕ್ಕನೆ ಇಳಿಯುತ್ತದೆ. ಹುಲ್ಲು ಏರುತ್ತದೆ, ಧಾನ್ಯದ ಕಣ ಕಾಣುತ್ತದೆ, ದನ ಮೇದು ತುಳಿದ ನೆಲದಲ್ಲಿ ಹುಟ್ಟುವ, ನಮ್ಮ ಇಸಬುಗೋಲಿನ ಬಳಗದ ಒಂದು ಕಳೆ ತಲೆಯೆತ್ತುತ್ತದೆ. ಆಮೇಲೆ ಬರ್ಚ್, ಹೇಜಲ್. ಕೊನೆಗೆ ಮತ್ತೆ ಹಳೆಯ ಕಾಡು. ಬಂದವರು ಕಡಿದರು, ಸುಟ್ಟರು, ಬಿತ್ತಿದರು, ಬಿಟ್ಟುಹೋದರು. ಈವರ್ಸೆನ್ ಇದನ್ನು 'ಲಾಂಡ್ನಾಮ್' ಎಂದರು. ನೆಲ ಹಿಡಿಯುವುದು ಎಂದರ್ಥ. ಬರಿಯ ಊಹೆಯೆಂದು ಯಾರಾದರೂ ಅಂದಾರೆಂದೋ ಏನೋ, 1950ರ ದಶಕದಲ್ಲಿ ಅವರೂ ಸಂಗಡಿಗರೂ ಡ್ರಾವೆಡ್ ಕಾಡಿಗೆ ಹೋಗಿ, ಕಲ್ಲುಕೊಡಲಿಯಿಂದಲೇ ಮರ ಕಡಿದು, ಸುಟ್ಟು, ಬಿತ್ತಿ ನೋಡಿದರು!

ಹಾಗೆಂದು ಹುಲ್ಲು ಕಂಡಲ್ಲೆಲ್ಲ ಕೊಡಲಿಯನ್ನು ಕಾಣಬಾರದು. ನೀಲಗಿರಿಯ ಶೋಲಾಗಳ ನಡುವಣ ಹುಲ್ಲುಗಾವಲು ಕಾಡು ಕಡಿದದ್ದರಿಂದಾದುದೆಂಬ ವಾದವಿತ್ತು. 1993ರಲ್ಲಿ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಅಲ್ಲಿನ ಜೌಗುಮಣ್ಣಿನ ಇಂಗಾಲವನ್ನು ಪರೀಕ್ಷಿಸಿ, ಸುಮಾರು 20,000 ವರ್ಷಗಳ ಹಿಂದೆಯೇ ಒಣಹವೆಯಲ್ಲಿ ಅಲ್ಲಿ ಹುಲ್ಲು ಹಬ್ಬಿತ್ತೆಂದು ತೋರಿಸಿದರು.

ಕಾರಂತರ 'ಬೆಟ್ಟದ ಜೀವ'ದಲ್ಲಿ (1943) ಆ ಸಂಶಯಕ್ಕೆ ಎಡೆಯಿಲ್ಲ. ಕೊಡಲಿ ಯಾರದೆಂದು ಗೊತ್ತು. ಸುಬ್ರಹ್ಮಣ್ಯದ ಕಡೆಯ ಕಾಡನ್ನು ಸವರಿ ಗೋಪಾಲಯ್ಯ ಕಾಟುಮೂಲೆಯಲ್ಲಿ ಅಡಕೆತೋಟ ಎಬ್ಬಿಸಿದ್ದಾರೆ. ಇದು ಮನುಷ್ಯನಿಗೂ ಪ್ರಕೃತಿಗೂ ನಡೆದ ಹೋರಾಟವೆಂದು ನಾವು ಹೇಳುತ್ತ ಬಂದಿದ್ದೇವೆ. ಪರೀಕ್ಷೆಯ ಉತ್ತರಕ್ಕೆ ಒದಗುವ ಮಾತು. ನಾನೂ ವರ್ಷಗಟ್ಟಲೆ ಹಾಗೆಯೇ ಬರೆಯಿಸಿದ್ದೇನೆ. ಈಗ ಅದು ತಪ್ಪೆನಿಸುತ್ತದೆ. ಹೋರಾಟವೆಂದ ಮೇಲೆ ಒಬ್ಬರು ಗೆಲ್ಲಬೇಕು. ಲಾಂಡ್ನಾಮಿನ ರೇಖೆಯಲ್ಲಿ ಗೆಲವಿಲ್ಲ. ನೋಡಿಕೊಳ್ಳುವವರು ಇರುವಷ್ಟು ದಿನ ಹೊಲ, ಆಮೇಲೆ ಕಾಡು. ಬರ್ಚ್ ಏರತೊಡಗುವ ಆ ಬಿಂದುವಿನಲ್ಲಿ ಯಾರಾದರೂ ಮುದುಕರು ದಾರಿ ನೋಡುತ್ತ ಕುಳಿತಿದ್ದರೋ ಏನೋ, ಸೂಕ್ಷ್ಮದರ್ಶಕ ಹೇಳಲಾರದು. ಕಾರಂತರು ಹೇಳಿದ್ದಾರೆ. ಗೋಪಾಲಯ್ಯ, ಶಂಕರಮ್ಮನವರ ಮಗ ಮನೆ ಬಿಟ್ಟುಹೋಗಿದ್ದಾನೆ. ಕಾಟುಮೂಲೆಯಲ್ಲಿ ದುಡಿಯುತ್ತಿರುವವನು ಹೆತ್ತ ಮಗನಲ್ಲ, ನಾರಾಯಣ. ಮುಂದಿನ ಸಲ ಈ ಕಾದಂಬರಿಯನ್ನು ಪಾಠ ಮಾಡುವಾಗ ಹುಲಿಯ ಪ್ರಕರಣದಿಂದ ತೊಡಗದೆ, ಬಾರದಿರುವ ಆ ಮಗನಿಂದಲೇ ತೊಡಗಬೇಕೆಂದಿದ್ದೇನೆ.